ಎವರೆಸ್ಟನ್ನು ಅಳೆದ ಮೇಲೆ ಏರಲು ನೂರು ವರ್ಷ ಏಕೆ ಬೇಕಾಯಿತು?

ಬೇಸಿಗೆ ರಜೆ ಹತ್ತಿರವಾದಂತೆ ಹುಬ್ಬಳ್ಳಿ, ಧಾರವಾಡ, ಗದಗಗಳಿಂದ ಹಿಮಾಲಯದ ಚಾರಣಕ್ಕೆ ಹೊರಡುವ ತರುಣರ ತಂಡಗಳು ಈಗ ಅಪರೂಪವಲ್ಲ. ಬೆಳಗಿನ ತಂಪಿನಲ್ಲಿ ಕಪ್ಪತಗುಡ್ಡ ಹತ್ತಿಳಿದು ಕಾಲು ಪಳಗಿಸಿಕೊಂಡವರು, ನೃಪತುಂಗ ಬೆಟ್ಟಕ್ಕೆ ದಿನವೂ ನಡೆದು ಹೋಗುವವರು, ಅದೇ ಕಸುವಿನಿಂದ ಹಿಮಾಲಯವನ್ನೂ ಏರಬಹುದೆಂದು ಭಾವಿಸುವುದು ಸಹಜ. ಆದರೆ ಮನುಷ್ಯ ಎತ್ತರದ ಪರ್ವತಗಳನ್ನು ಏರಿದ ಇತಿಹಾಸವನ್ನು ಗಮನವಿಟ್ಟು ನೋಡಿದರೆ, ಅಲ್ಲಿ ಕಾಲಿನ ಕಸುವಿಗಿಂತ, ಎದೆಗಾರಿಕೆಗಿಂತ, ಗಾಳಿಯ ಬಗೆಗಿನ ತಿಳುವಳಿಕೆಯೇ ನಿರ್ಣಾಯಕವಾಗಿತ್ತು ಎಂಬುದು ಮನದಟ್ಟಾಗುತ್ತದೆ.

ಇದಕ್ಕೆ ಎವರೆಸ್ಟಿನ ಕಥೆಯೇ ಸಾಕ್ಷಿ. 1802ರಲ್ಲಿ ಮದರಾಸಿನಿಂದ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯವರು ನೇಪಾಳದೊಳಗೆ ಕಾಲಿಡಲು ಅನುಮತಿಯಿಲ್ಲದೆ, ಬಿಹಾರದ ಬಯಲಿನಲ್ಲಿ ನಿಂತು, 160 ಕಿಲೊಮೀಟರಿಗೂ ಹೆಚ್ಚು ದೂರದಿಂದ ‘ಪೀಕ್ 15’ ಎಂಬ ಶಿಖರದ ಕೋನಗಳನ್ನು ಅಳೆದರು. ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದರ್ ಅವರು 1852ರ ಸುಮಾರಿಗೆ ಮಾಡಿದ ಲೆಕ್ಕದಿಂದ ಅದೇ ಜಗತ್ತಿನ ಅತಿ ಎತ್ತರದ ಶಿಖರವೆಂದು ಗೊತ್ತಾಯಿತು. 1856ರಲ್ಲಿ ಪ್ರಕಟವಾದ ಅಂಕಿ 29,002 ಅಡಿ, ಅಂದರೆ ಸುಮಾರು 8,840 ಮೀಟರ್. 2020ರಲ್ಲಿ ನೇಪಾಳ ಮತ್ತು ಚೀನಾ ಜಂಟಿಯಾಗಿ ಘೋಷಿಸಿದ ಎತ್ತರ 8,848.86 ಮೀಟರ್. ಉಪಗ್ರಹಗಳಿಲ್ಲದ ಆ ಕಾಲದಲ್ಲಿ ಕೇವಲ ಒಂಬತ್ತು ಮೀಟರ್ ವ್ಯತ್ಯಾಸದಷ್ಟು ನಿಖರವಾಗಿ ಅಳೆದ ಶಿಖರದ ಮೇಲೆ ಮನುಷ್ಯ ಕಾಲಿಟ್ಟದ್ದು 1953ರ ಮೇ 29ರಂದು. ನಡುವಿನ ನೂರು ವರ್ಷಗಳಲ್ಲಿ ದಕ್ಷಿಣ ಧ್ರುವವನ್ನು ತಲುಪಿಯಾಗಿತ್ತು. 1933ರಲ್ಲಿ ಎವರೆಸ್ಟಿನ ಮೇಲೆ ವಿಮಾನವೇ ಹಾರಿತ್ತು. ನಡೆದು ಏರುವುದು ಮಾತ್ರ ಇನ್ನೂ 20 ವರ್ಷ ಕಾಯಬೇಕಾಯಿತು.

ಪರ್ವತಗಳನ್ನು ಏರುವ ಬಯಕೆ ಯುರೋಪಿನವರಿಂದ ಆರಂಭವಾಯಿತೆಂದು ಹೇಳುವ ರೂಢಿಯಿದೆ, ಅದು ಸರಿಯಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ, 6,739 ಮೀಟರ್ ಎತ್ತರದ ಯುಯಾಯ್ಯಾಕೊ ಶಿಖರದ ಮೇಲೆ, ಇಂಕಾ ಜನ ಐನೂರು ವರ್ಷಗಳ ಹಿಂದೆ ಪೂಜಾಸ್ಥಾನ ಕಟ್ಟಿ ಬಲಿ ಅರ್ಪಿಸಿದ್ದರು. 1999ರಲ್ಲಿ ಅಲ್ಲಿ ಮೂವರು ಮಕ್ಕಳ ದೇಹಗಳು ಹಿಮದಲ್ಲಿ ಕೆಡದೆ ಉಳಿದಿದ್ದುದು ಕಂಡುಬಂದಿತು. ಅದೇ ಆಂಡಿಸ್‌ನಲ್ಲಿ ಸಂಚರಿಸಿದ ಸ್ಪೇನಿನ ಪಾದ್ರಿ ಹೊಸೆ ದೆ ಅಕೋಸ್ಟಾ, ಎತ್ತರದ ಕಣಿವೆ ದಾಟುವಾಗ ತನಗೆ ಬಂದ ತೀವ್ರ ವಾಂತಿ ಮತ್ತು ಸಂಕಟವನ್ನು 1590ರಲ್ಲಿ ದಾಖಲಿಸಿದ. ಅಲ್ಲಿನ ಗಾಳಿ ಮನುಷ್ಯನ ಉಸಿರಾಟಕ್ಕೆ ಒಗ್ಗದಷ್ಟು ಸೂಕ್ಷ್ಮವಾದುದು ಎಂದು ಅವನು ಊಹಿಸಿದ್ದ. ಅದು ಸರಿಯಾದ ಊಹೆಯಾಗಿತ್ತಾದರೂ ಅದನ್ನು ಪ್ರಮಾಣೀಕರಿಸುವ ಸಾಧನ ಆಗ ಇರಲಿಲ್ಲ.

ಆಲ್ಪ್ಸ್ ಪರ್ವತಗಳ ಕಥೆ ಹೆಚ್ಚು ಪ್ರಸಿದ್ಧವಾದುದರಿಂದ ಚಿಕ್ಕದಾಗಿ ಹೇಳಬಹುದು. ಜಿನೀವಾದ ವಿಜ್ಞಾನಿ ಸೋಸ್ಯೂರ್ 1760ರಲ್ಲಿ ಮೊಂ ಬ್ಲಾಂ ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಘೋಷಿಸಿದ. 1786ರ ಆಗಸ್ಟ್ 8ರಂದು ವೈದ್ಯ ಪಕ್ಕಾರ್ ಮತ್ತು ಹರಳು ಹುಡುಕಿ ಮಾರುತ್ತಿದ್ದ ಬಾಲ್ಮಾ ಅದನ್ನು ಏರಿದರು. ಮರುವರ್ಷ ಸೋಸ್ಯೂರ್ ತಾನೇ ಏರಿ, ವಾಯುಭಾರಮಾಪಕ ಮತ್ತು ಉಷ್ಣಮಾಪಕಗಳನ್ನು ಹೂಡಿ ನಾಲ್ಕು ಗಂಟೆಗೂ ಹೆಚ್ಚು ಕಾಲ ಅಳತೆ ಮಾಡಿದ. 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಹುಟ್ಟಿತು. 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಏರಿದ ಏಳು ಮಂದಿಯಲ್ಲಿ ನಾಲ್ವರು ಇಳಿಯುವಾಗ ಹಗ್ಗ ತುಂಡಾಗಿ ಸತ್ತರು. ಹಗ್ಗ, ಹಿಮಗೊಡಲಿ, ಬಂಡೆ ಹತ್ತುವ ಕುಶಲತೆ, ಮಾರ್ಗದರ್ಶಕರ ವೃತ್ತಿ, ಇವೆಲ್ಲ ಆ ಕಾಲದಲ್ಲಿ ಬೆಳೆದವು. ಆದರೆ ಆಲ್ಪ್ಸ್‌ನ ಅತಿ ಎತ್ತರದ ಶಿಖರವೂ 5,000 ಮೀಟರಿನ ಒಳಗೇ ಇರುವುದರಿಂದ, ಅತಿ ಎತ್ತರದ ಗಾಳಿಯಲ್ಲಿ ಮನುಷ್ಯನಿಗೆ ಉಸಿರು ಏಕೆ ಸಾಲದು ಎಂಬ, ಹಿಮಾಲಯ ಒಡ್ಡುವ ಮುಖ್ಯ ಪ್ರಶ್ನೆ ಅಲ್ಲಿ ಏಳಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬೆಟ್ಟದ ಮೇಲಲ್ಲ, ಬಲೂನಿನಲ್ಲಿ. 1875ರ ಏಪ್ರಿಲ್ 15ರಂದು ‘ಜೆನಿತ್’ ಎಂಬ ಬಲೂನಿನಲ್ಲಿ ಮೂವರು ಫ್ರೆಂಚರು 8,000 ಮೀಟರಿಗೂ ಮೇಲೆ ಹೋದರು. ಅವರ ಬಳಿ ಆಮ್ಲಜನಕ ತುಂಬಿದ ಚೀಲಗಳಿದ್ದವು. ಆದರೆ ಅದನ್ನು ಉಸಿರಾಡಬೇಕೆಂದು ಅನ್ನಿಸುವ ಹೊತ್ತಿಗೆ ಕೈ ಎತ್ತಿ ಕೊಳವೆ ಹಿಡಿಯುವ ಶಕ್ತಿಯೇ ಉಳಿದಿರಲಿಲ್ಲ. ಎಚ್ಚರ ತಪ್ಪಿದ ಮೂವರಲ್ಲಿ ಟಿಸಾಂಡಿಯೆ ಒಬ್ಬನೇ ಬದುಕಿ ಉಳಿದ. ಅವರಿಗೆ ಸಲಹೆ ನೀಡಿದ್ದ ಶರೀರವಿಜ್ಞಾನಿ ಪಾಲ್ ಬೆರ್ 1878ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ, ಎತ್ತರದ ಕಾಯಿಲೆಗೆ ಕಾರಣ ಗಾಳಿಯ ಕಡಿಮೆ ಒತ್ತಡವೇ ಅಲ್ಲ, ಅದರೊಂದಿಗೆ ಆಮ್ಲಜನಕದ ಒತ್ತಡ ಕುಗ್ಗುವುದು ಎಂದು ಪ್ರಯೋಗಗಳಿಂದ ತೋರಿಸಿದ.

ಇಲ್ಲಿ ಒಂದು ತಪ್ಪು ತಿಳುವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕದ ಶೇಕಡಾ ಪ್ರಮಾಣ ಕಡಿಮೆಯಾಗುತ್ತದೆ ಎಂದು ಹಲವರು ಹೇಳುತ್ತಾರೆ. ಹಾಗಲ್ಲ. ಧಾರವಾಡದಲ್ಲಿಯೂ ಎವರೆಸ್ಟಿನ ತುದಿಯಲ್ಲಿಯೂ ಗಾಳಿಯ ಶೇಕಡಾ 21ರಷ್ಟು ಭಾಗ ಆಮ್ಲಜನಕವೇ. ಕುಗ್ಗುವುದು ಒಟ್ಟು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು ಪಾದರಸದ 760 ಮಿಲಿಮೀಟರ್. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿರುವ ನಮ್ಮ ಅವಳಿನಗರದಲ್ಲಿ ಸುಮಾರು 700. 5,364 ಮೀಟರಿನಲ್ಲಿರುವ ಎವರೆಸ್ಟಿನ ದಕ್ಷಿಣದ ತಳಶಿಬಿರದಲ್ಲಿ ಸಮುದ್ರಮಟ್ಟದ ಅರ್ಧದಷ್ಟು. ತುದಿಯಲ್ಲಿ ಮೂರನೇ ಒಂದು ಭಾಗ. 1981ರಲ್ಲಿ ಅಮೆರಿಕದ ವೈದ್ಯಕೀಯ ತಂಡವೊಂದು ಶಿಖರದ ಮೇಲೆಯೇ ಅಳೆದಾಗ ಸಿಕ್ಕಿದ ಅಂಕಿ 253 ಮಿಲಿಮೀಟರ್.

ಲೆಕ್ಕ ಇಷ್ಟಕ್ಕೇ ನಿಲ್ಲುವುದಿಲ್ಲ. ಒಳಗೆಳೆದುಕೊಂಡ ಗಾಳಿ ಶ್ವಾಸನಾಳದಲ್ಲಿ ಬಿಸಿಯಾಗಿ ತೇವಗೊಳ್ಳುತ್ತದೆ. ಆ ನೀರಾವಿ ಪಡೆಯುವ ಒತ್ತಡ ಯಾವ ಎತ್ತರದಲ್ಲಿಯೂ ಬದಲಾಗದು; ನಮ್ಮ ದೇಹದ ಉಷ್ಣಾಂಶದಲ್ಲಿ ಅದು 47 ಮಿಲಿಮೀಟರ್. ಸಮುದ್ರಮಟ್ಟದಲ್ಲಿ 760ರಲ್ಲಿ 47 ಕಳೆದು ಉಳಿದುದರ ಶೇಕಡಾ 21 ತೆಗೆದರೆ ಆಮ್ಲಜನಕಕ್ಕೆ ಸುಮಾರು 149 ಮಿಲಿಮೀಟರ್ ಸಿಗುತ್ತದೆ. ಎವರೆಸ್ಟಿನ ತುದಿಯಲ್ಲಿ 253ರಲ್ಲಿಯೂ ಅದೇ 47 ಕಳೆಯಬೇಕು, ಉಳಿದುದರ ಶೇಕಡಾ 21 ತೆಗೆದರೆ ಸಿಗುವುದು ಸುಮಾರು 43. ಅಂದರೆ ಗಾಳಿ ಮೂರನೇ ಒಂದು ಭಾಗವಾದರೆ, ಉಸಿರಿಗೆ ಸಿಗುವ ಆಮ್ಲಜನಕ ಮೂರನೇ ಒಂದಕ್ಕಿಂತಲೂ ಕಡಿಮೆ.

ಇಷ್ಟು ಕಡಿಮೆ ಆಮ್ಲಜನಕದಲ್ಲಿ ಬದುಕಲು ದೇಹ ಹಲವು ಹಂತಗಳಲ್ಲಿ ಹೊಂದಿಕೊಳ್ಳುತ್ತದೆ, ಆ ಹಂತಗಳಿಗೆ ಬೇಕಾದ ಕಾಲವೂ ಬೇರೆ ಬೇರೆ. ಮೊದಲ ಗಂಟೆಗಳಲ್ಲಿಯೇ ಉಸಿರಾಟ ಆಳವಾಗುತ್ತದೆ, ವೇಗಗೊಳ್ಳುತ್ತದೆ. ಹಾಗೆ ಬಿರುಸಾಗಿ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುವುದರಿಂದ ಮಿದುಳು ಉಸಿರಾಟವನ್ನು ಮತ್ತೆ ತಗ್ಗಿಸಲು ನೋಡುತ್ತದೆ. ಮೂತ್ರಪಿಂಡಗಳು ಆ ಕ್ಷಾರವನ್ನು ಹೊರಹಾಕಲು ಕೆಲವು ದಿನ ಬೇಕು. ಆ ಬಳಿಕವೇ ಉಸಿರಾಟದ ಮೇಲಿನ ಆ ತಡೆ ಪೂರ್ತಿ ಸಡಿಲಗೊಳ್ಳುತ್ತದೆ. ರಕ್ತದಲ್ಲಿ ಕೆಂಪು ಕಣಗಳು ಹೆಚ್ಚಾಗಲು ವಾರಗಳೇ ಬೇಕು. ಹೀಗಾಗಿ ಎತ್ತರದಲ್ಲಿ ಅವಸರ ಮಾಡಿದವನಿಗೂ ತಾಳ್ಮೆಯಿಂದ ಹೋದವನಿಗೂ ಇರುವ ವ್ಯತ್ಯಾಸ ಮನೋಬಲದ್ದಲ್ಲ, ರಕ್ತದ ರಾಸಾಯನಿಕ ಸ್ಥಿತಿಯದ್ದು. ಹೊಂದಿಕೊಳ್ಳದ ಮನುಷ್ಯನನ್ನು ಸಮುದ್ರಮಟ್ಟದಿಂದ ಒಮ್ಮೆಲೇ ಎವರೆಸ್ಟಿನ ತುದಿಯಲ್ಲಿ ಇಟ್ಟರೆ ಅವನು ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾನೆ.

ಈ ತಿಳುವಳಿಕೆಯನ್ನು ಹಿಮಾಲಯಕ್ಕೆ ಮೊದಲು ತಂದವರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಕೆಲಾಸ್ ಮುಖ್ಯನಾದವನು. ಅವನಿಗೆ ಸಲ್ಲಬೇಕಾದ ಹೆಸರು ಸಂದಿಲ್ಲವೆಂದು ನನಗೆ ಅನಿಸುತ್ತದೆ. ಶೆರ್ಪಾಗಳ ಜೊತೆ ಸಿಕ್ಕಿಂ ಮತ್ತು ಗಢವಾಲದ ಶಿಖರಗಳಲ್ಲಿ ತಿರುಗಿದ ಅವನು, ಚೆನ್ನಾಗಿ ಹೊಂದಿಕೊಂಡ ಗಟ್ಟಿ ದೇಹದ ಮನುಷ್ಯ ಕೃತಕ ಆಮ್ಲಜನಕವಿಲ್ಲದೆಯೂ ಎವರೆಸ್ಟನ್ನು ಏರಬಲ್ಲ ಎಂದು ಲೆಕ್ಕ ಹಾಕಿ ಹೇಳಿದ್ದ. ಆ ಮಾತು ನಿಜವಾಗಲು ಐದು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. 1921ರ ಮೊದಲ ಎವರೆಸ್ಟ್ ಶೋಧ ತಂಡದಲ್ಲಿದ್ದ ಕೆಲಾಸ್, ಶಿಖರವನ್ನು ತಲುಪುವ ಮುನ್ನವೇ ಟಿಬೆಟ್ಟಿನ ದಾರಿಯಲ್ಲಿ ತೀರಿಕೊಂಡ.

1922ರ ತಂಡ ಆಮ್ಲಜನಕದ ಸಿಲಿಂಡರುಗಳನ್ನು ಒಯ್ದಿತ್ತು. ಅದನ್ನು ಬಳಸುವುದು ಕ್ರೀಡಾಧರ್ಮಕ್ಕೆ ವಿರುದ್ಧವೆಂದು ತಂಡದಲ್ಲಿಯೇ ಹಲವರು ವಾದಿಸಿದರು. ಹೊರೆ ಹೊರುವವರು ಅದನ್ನು ‘ಇಂಗ್ಲಿಷರ ಗಾಳಿ’ ಎಂದು ಕರೆದರು. ಜಾರ್ಜ್ ಫಿಂಚ್ ಮತ್ತು ಜೆಫ್ರಿ ಬ್ರೂಸ್ ಆ ಗಾಳಿಯ ನೆರವಿನಿಂದ 8,300 ಮೀಟರ್ ದಾಟಿ ತಮಗಿಂತ ಮೊದಲು ಹೋದವರನ್ನು ಹಿಂದಿಕ್ಕಿದಾಗ ವಾದ ಬಗೆಹರಿಯಬೇಕಿತ್ತು, ಬಗೆಹರಿಯಲಿಲ್ಲ. ಅದೇ ವರ್ಷದ ಜೂನ್ 7ರಂದು ಹಿಮಕುಸಿತದಲ್ಲಿ ಹೊರೆ ಹೊರುವ ಏಳು ಮಂದಿ ಸತ್ತರು. ಎವರೆಸ್ಟಿನ ಮೇಲೆ ಏರುವ ಪ್ರಯತ್ನದಲ್ಲಿ ಮೊದಲು ಪ್ರಾಣ ತೆತ್ತವರು ಅವರು.

1924ರಲ್ಲಿ ಎಡ್ವರ್ಡ್ ನಾರ್ಟನ್ ಕೃತಕ ಆಮ್ಲಜನಕವಿಲ್ಲದೆ 8,572 ಮೀಟರ್ ತಲುಪಿದ. ನಿಲ್ಲದೆ 20 ಹೆಜ್ಜೆ ಇಡಬೇಕೆಂದು ಅವನು ತನಗೇ ಗುರಿ ಹಾಕಿಕೊಂಡಿದ್ದ. ಹದಿಮೂರರ ಹತ್ತಿರ ಹೋಗುವಷ್ಟರಲ್ಲಿ ಮೊಣಕೈ ಮಂಡಿಗೂರಿ ಏದುಸಿರು ಬಿಡುತ್ತ ನಿಲ್ಲಬೇಕಾಗುತ್ತಿತ್ತು. ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣತೊಡಗಿ ಹಿಂದಿರುಗಿದ ಅವನಿಗೆ ಆ ರಾತ್ರಿ ಹಿಮಗುರುಡು ಬಂದಿತು. ನಾಲ್ಕು ದಿನಗಳ ಬಳಿಕ, ಜೂನ್ 8ರಂದು, ಮ್ಯಾಲರಿ ಮತ್ತು ಇರ್ವಿನ್ ಮೋಡದಲ್ಲಿ ಮರೆಯಾದರು. ಮ್ಯಾಲರಿಯ ದೇಹ ಸಿಕ್ಕಿದ್ದು 1999ರಲ್ಲಿ. ಅವರು ತುದಿ ಮುಟ್ಟಿದ್ದರೇ ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ.

ಎರಡನೇ ಮಹಾಯುದ್ಧ ಪರ್ವತಾರೋಹಣವನ್ನು ನಿಲ್ಲಿಸಿತಾದರೂ ಎತ್ತರದಲ್ಲಿ ಹಾರುವ ಪೈಲಟ್‌ಗಳಿಗಾಗಿ ಆಮ್ಲಜನಕದ ಉಪಕರಣಗಳನ್ನು ಸುಧಾರಿಸಿತು. 1946ರಲ್ಲಿ ಚಾರ್ಲ್ಸ್ ಹೌಸ್ಟನ್ ಅಮೆರಿಕದ ಪೆನ್ಸಕೋಲಾದಲ್ಲಿ ನಾಲ್ವರನ್ನು ಒತ್ತಡ ತಗ್ಗಿಸುವ ಕೋಣೆಯಲ್ಲಿ ಕೂಡಿಸಿ, ಒಂದು ತಿಂಗಳಿಗೂ ಹೆಚ್ಚು ಕಾಲ ನಿಧಾನವಾಗಿ ಎವರೆಸ್ಟಿನ ಎತ್ತರಕ್ಕೆ ಸಮನಾದ ಸ್ಥಿತಿಗೆ ಒಯ್ದ. 1950ರ ಜೂನ್ 3ರಂದು ಎರ್ಜೋಗ್ ಮತ್ತು ಲಾಶ್ನಾಲ್ ಎಂಬ ಫ್ರೆಂಚರು 8,091 ಮೀಟರಿನ ಅನ್ನಪೂರ್ಣವನ್ನು ಏರಿದಾಗ ಮನುಷ್ಯ ಮೊದಲ ಬಾರಿಗೆ 8,000 ಮೀಟರ್ ಮೀರಿದ ಶಿಖರದ ಮೇಲೆ ನಿಂತ; ಇಬ್ಬರೂ ಚಳಿಗೆ ಬೆರಳುಗಳನ್ನು ಕಳೆದುಕೊಂಡರು.

ಇತಿಹಾಸದ ತಿರುವನ್ನು ಕಾಣಬೇಕಾದರೆ ಎರಡು ರಾತ್ರಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1952ರ ಮೇ ತಿಂಗಳಲ್ಲಿ ಸ್ವಿಸ್ ತಂಡದ ರೇಮಂಡ್ ಲ್ಯಾಂಬರ್ಟ್ ಮತ್ತು ತೇನ್‌ಸಿಂಗ್ ನೋರ್ಗೆ ಸುಮಾರು 8,400 ಮೀಟರಿನಲ್ಲಿ ಒಂದು ಚಿಕ್ಕ ಡೇರೆಯಲ್ಲಿ ರಾತ್ರಿ ಕಳೆದರು. ಅವರ ಬಳಿ ಮಲಗುವ ಚೀಲವೂ ಇರಲಿಲ್ಲ, ಸ್ಟೋವ್ ಕೂಡ ಇರಲಿಲ್ಲ. ಒಂದು ಮೇಣದಬತ್ತಿಯ ಉರಿಗೆ ಮಂಜುಗಡ್ಡೆ ಹಿಡಿದು, ಕರಗಿದ ಹನಿಗಳಿಂದ ಬಾಯಿ ಒದ್ದೆ ಮಾಡಿಕೊಂಡರು. ಮರುದಿನ ಸುಮಾರು 8,600 ಮೀಟರ್‌ವರೆಗೆ ತೆವಳಿ ಹಿಂದಿರುಗಿದರು. ಬ್ರಿಟಿಷ್ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ ಅದೇ ವರ್ಷ ಚೋ ಓಯು ಪರ್ವತದಲ್ಲಿ ಅಧ್ಯಯನ ನಡೆಸಿ, ಸೋಲಿಗೆ ಬಾಯಾರಿಕೆಯೂ ಒಂದು ದೊಡ್ಡ ಕಾರಣವೆಂದು ಗುರುತಿಸಿದ. ಒಣ ಗಾಳಿಯನ್ನು ಬಿರುಸಾಗಿ ಉಸಿರಾಡುವವನು ಪ್ರತಿ ಉಸಿರಿಗೂ ನೀರು ಕಳೆದುಕೊಳ್ಳುತ್ತಾನೆ. ದಿನಕ್ಕೆ ಮೂರು ಲೀಟರಾದರೂ ಕುಡಿಯದಿದ್ದರೆ ದೇಹ ಬಳಲುತ್ತದೆ. ಕುಡಿಯಬೇಕಾದರೆ ಮಂಜು ಕರಗಿಸಲು ಸ್ಟೋವ್ ಮತ್ತು ಇಂಧನ ಮೇಲಿನ ಶಿಬಿರದವರೆಗೂ ಹೋಗಲೇಬೇಕು. ಆಮ್ಲಜನಕವನ್ನು ನಿಮಿಷಕ್ಕೆ ಹಳೆಯದಕ್ಕಿಂತ ಹೆಚ್ಚು, ಅಂದರೆ ನಾಲ್ಕು ಲೀಟರಿನಷ್ಟು ಕೊಟ್ಟರೆ ಮಾತ್ರ ಸಿಲಿಂಡರ್ ಹೊತ್ತ ಭಾರಕ್ಕೆ ತಕ್ಕ ಫಲ ಸಿಗುತ್ತದೆ ಎಂದೂ ಅವನು ತೋರಿಸಿದ.

1953ರ ಮೇ 28ರ ರಾತ್ರಿ, ಸುಮಾರು 8,500 ಮೀಟರಿನಲ್ಲಿ, ಅದೇ ತೇನ್‌ಸಿಂಗ್ ಹಿಲರಿಯ ಜೊತೆ ಡೇರೆಯಲ್ಲಿದ್ದರು. ಈ ಬಾರಿ ಪ್ರೈಮಸ್ ಸ್ಟೋವ್ ಉರಿಯುತ್ತಿತ್ತು. ಬಿಸಿ ನಿಂಬೆಪಾನಕವನ್ನು ಮತ್ತೆ ಮತ್ತೆ ಕುಡಿದರು. ಮಲಗುವಾಗಲೂ ಸ್ವಲ್ಪ ಆಮ್ಲಜನಕ ಉಸಿರಾಡಿದರು. ಬೆಳಗಿನ ನಾಲ್ಕಕ್ಕೆ ಹೊರಗಿನ ಉಷ್ಣಾಂಶ ಸೊನ್ನೆಗಿಂತ 27 ಡಿಗ್ರಿ ಕೆಳಗಿತ್ತು. ಬಿಚ್ಚಿಟ್ಟಿದ್ದ ಹಿಲರಿಯ ಬೂಟುಗಳು ಕಲ್ಲಾಗಿದ್ದವು. ಸ್ಟೋವಿನ ಉರಿಗೆ ಹಿಡಿದು ಅವನ್ನು ಮೆದು ಮಾಡಬೇಕಾಯಿತು. ಆರೂವರೆಗೆ ಹೊರಟು, ಹನ್ನೊಂದೂವರೆಗೆ ತುದಿ ತಲುಪಿ, ಕಾಲು ಗಂಟೆ ನಿಂತು ಇಳಿದರು. ತೇನ್‌ಸಿಂಗ್ ಕೊರಳಲ್ಲಿ ಲ್ಯಾಂಬರ್ಟ್ ಕೊಟ್ಟಿದ್ದ ಕೆಂಪು ವಸ್ತ್ರವಿತ್ತು. ಮೇಣದಬತ್ತಿಗೂ ಪ್ರೈಮಸ್ ಸ್ಟೋವಿಗೂ ನಡುವಿನ ಅಂತರದಲ್ಲಿ ನೂರು ವರ್ಷಗಳ ಪ್ರಶ್ನೆಗೆ ಬಹುಪಾಲು ಉತ್ತರವಿದೆ.

ಉಳಿದ ಉತ್ತರ ಬೆನ್ನ ಮೇಲಿನ ಹೊರೆಯಲ್ಲಿದೆ. 1953ರ ಆ ದಂಡಯಾತ್ರೆಗೆ 350ಕ್ಕೂ ಹೆಚ್ಚು ಮಂದಿ ಸಾಮಾನು ಹೊತ್ತು ಕಣಿವೆ ಏರಿದರು. ಅಲ್ಲಿಂದ ಮೇಲೆ ಶೆರ್ಪಾಗಳು ಶಿಬಿರದಿಂದ ಶಿಬಿರಕ್ಕೆ ಸಾಗಿಸಿದರು. ಇಬ್ಬರು ತುದಿ ತಲುಪಲು ಹತ್ತಾರು ಜನ ಕೆಳಗೆ ದುಡಿಯಬೇಕು. ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ವಹಿವಾಟು ಯಾರ ಹೆಸರಿನಲ್ಲಿ ನಡೆದರೂ ಚೀಲಗಳು ಕದಲುವುದು ಹಮಾಲರ ಬೆನ್ನ ಮೇಲೆಯೇ ಅಲ್ಲವೇ, ಇದೂ ಹಾಗೆಯೇ. ಮೇ 28ರಂದು ಕೊನೆಯ ಶಿಬಿರದ ಸಾಮಾನು ಹೊತ್ತು ಹೋಗಿ, ಇಳಿಸಿ, ಹಿಂದಿರುಗಿದವರಲ್ಲಿ ಆಂಗ್ ನೀಮಾ ಎಂಬ ಶೆರ್ಪಾ ಇದ್ದ. ಅವನ ಹೆಸರು ಎಷ್ಟು ಜನರಿಗೆ ಗೊತ್ತು? ಸಾವಿರಾರು ವರ್ಷ ಎತ್ತರದಲ್ಲಿ ಬದುಕಿದ ಟಿಬೆಟ್ಟಿನ ಜನರ ದೇಹ ಅಲ್ಲಿಗೆ ಒಗ್ಗಿದೆ ಎಂಬುದನ್ನು 2010ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು ತೋರಿಸಿದವು: ಇಪಿಎಎಸ್1 ಎಂಬ ವಂಶವಾಹಿಯ ವಿಶೇಷ ರೂಪದಿಂದಾಗಿ ಅವರ ರಕ್ತ ನಮ್ಮದರಂತೆ ವಿಪರೀತ ದಪ್ಪವಾಗುವುದಿಲ್ಲ. ಅವರದೇ ಮೂಲದ ಶೆರ್ಪಾಗಳಲ್ಲಿಯೂ ಇದೇ ಗುಣವಿದೆ. ಆದರೆ ಹಿಮಕುಸಿತದ ಎದುರು ಯಾವ ವಂಶವಾಹಿಯೂ ಕಾಯದು. 2014ರ ಏಪ್ರಿಲ್ 18ರಂದು ಖುಂಬು ಹಿಮಪ್ರಪಾತದಲ್ಲಿ ಇತರರಿಗಾಗಿ ದಾರಿ ಮತ್ತು ಸಾಮಾನು ಸಿದ್ಧಪಡಿಸುತ್ತಿದ್ದ 16 ನೇಪಾಳಿ ಕೆಲಸಗಾರರು ಒಂದೇ ಬೆಳಗ್ಗೆ ಸತ್ತರು.

ಕೆಲಾಸ್‌ನ ಲೆಕ್ಕ ನಿಜವಾದದ್ದು 1978ರ ಮೇ 8ರಂದು. ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಸಿಲಿಂಡರ್ ಇಲ್ಲದೆ ಎವರೆಸ್ಟ್ ಏರಿದರು. 1980ರಲ್ಲಿ ಮೆಸ್ನರ್ ಒಬ್ಬನೇ ಮತ್ತೆ ಏರಿದ. ಇದು ಸಾಧ್ಯವಾದದ್ದು ಭೂಗೋಳದ ಒಂದು ಅನುಕೂಲದಿಂದ ಎಂಬುದು 1981ರ ಅಳತೆಯಿಂದ ಸ್ಪಷ್ಟವಾಯಿತು. ಸಮಭಾಜಕ ವೃತ್ತದ ಕಡೆಗೆ ವಾತಾವರಣ ದಪ್ಪವಾಗಿರುವುದರಿಂದ, ಎವರೆಸ್ಟಿನ ತುದಿಯ ಒತ್ತಡ ಸಾಮಾನ್ಯ ಸೂತ್ರಗಳು ಹೇಳುವ 236 ಮಿಲಿಮೀಟರಿಗಿಂತ ಹೆಚ್ಚಿದೆ. ಅದೇ ಎತ್ತರದ ಪರ್ವತ ಅಲಾಸ್ಕಾದಲ್ಲಿದ್ದಿದ್ದರೆ ಕೃತಕ ಆಮ್ಲಜನಕವಿಲ್ಲದೆ ಏರುವುದು ಬಹುಶಃ ಅಸಾಧ್ಯವಾಗುತ್ತಿತ್ತು. 2007ರಲ್ಲಿ ಬ್ರಿಟಿಷ್ ವೈದ್ಯರು ಶಿಖರದಿಂದ ಇಳಿಯುತ್ತ 8,400 ಮೀಟರಿನಲ್ಲಿ ತಮ್ಮದೇ ತೊಡೆಯ ಅಪಧಮನಿಯಿಂದ ರಕ್ತ ತೆಗೆದು ಪರೀಕ್ಷಿಸಿದರು. ಕೋವಿಡ್ ಕಾಲದಲ್ಲಿ ಬೆರಳಿಗೆ ಕ್ಲಿಪ್ ಹಾಕಿಕೊಂಡು, ರಕ್ತದ ಆಮ್ಲಜನಕ ಮಟ್ಟ ಶೇಕಡಾ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡಿದ ನಮಗೆಲ್ಲ ಆ ಅಂಕಿ ಅರ್ಥವಾಗುತ್ತದೆ: ನಾಲ್ವರ ಸರಾಸರಿ 54.

ಭಾರತದ ಪಾಲೂ ಸಣ್ಣದಲ್ಲ. 1954ರಲ್ಲಿ ಡಾರ್ಜಿಲಿಂಗ್‌ನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. 1965ರಲ್ಲಿ ಎಂ.ಎಸ್. ಕೊಹ್ಲಿ ನಾಯಕತ್ವದ ತಂಡದ ಒಂಬತ್ತು ಮಂದಿ ಎವರೆಸ್ಟ್ ಏರಿದರು. 1984ರಲ್ಲಿ ಬಚೇಂದ್ರಿ ಪಾಲ್ ಏರಿದರು. ಆದರೆ ಎತ್ತರದ ಕಾಯಿಲೆಯ ವಿಷಯದಲ್ಲಿ ಭಾರತ ಜಗತ್ತಿಗೆ ಕಲಿಸಿದ ಪಾಠ ಸೈನಿಕರಿಂದ ಬಂದದ್ದು. ಗಡಿಯ ಎತ್ತರಕ್ಕೆ ತರಾತುರಿಯಲ್ಲಿ ಸಾಗಿಸಲ್ಪಟ್ಟ 1,925 ಸೈನಿಕರ ಅಧ್ಯಯನ 1969ರಲ್ಲಿ ಪ್ರಕಟವಾಯಿತು. ಬೆಟ್ಟದ ಕಾಯಿಲೆಯ ಕುರಿತ ದೊಡ್ಡ ಅಧ್ಯಯನಗಳಲ್ಲಿ ಅದು ಮೊದಲಿನವುಗಳಲ್ಲೊಂದು. ಧಾರವಾಡ ಜಿಲ್ಲೆಗೆ ಈ ಎತ್ತರ ದೂರದ ಸಂಗತಿಯಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಮೇಲೆ, ಒಂಬತ್ತು ಸಂಗಾತಿಗಳ ಜೊತೆ ಹಿಮದಡಿ ಹೂತುಹೋದರು. ದಿನಗಳ ಬಳಿಕ ಅವರೊಬ್ಬರು ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಪರ್ವತಾರೋಹಿ ಆ ಎತ್ತರದಲ್ಲಿ ಕೆಲವು ದಿನ ಇದ್ದು ಇಳಿಯುತ್ತಾನೆ. ಸೈನಿಕ ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತಾನೆ.

ಇಂದು ಎವರೆಸ್ಟ್ ಹಣ ಕೊಟ್ಟು ಏರಬಹುದಾದ ಶಿಖರವಾಗಿದೆ. 2025ರಲ್ಲಿ ನೇಪಾಳ ಪರವಾನಗಿ ಶುಲ್ಕವನ್ನು 11,000 ಡಾಲರಿನಿಂದ 15,000ಕ್ಕೆ ಏರಿಸಿತು. ತಂತ್ರಜ್ಞಾನ ಎಷ್ಟೇ ಬದಲಾದರೂ ರಕ್ತ ಮತ್ತು ಮೂತ್ರಪಿಂಡಗಳ ವೇಗ ಬದಲಾಗಿಲ್ಲ. ಆದ್ದರಿಂದ ಇಲ್ಲಿಂದ ಚಾರಣಕ್ಕೆ ಹೊರಡುವವರಿಗೆ ಇತಿಹಾಸದ ಈ ಪಾಠ ನೇರವಾಗಿ ಅನ್ವಯಿಸುತ್ತದೆ. 700 ಮೀಟರಿನಿಂದ ಹೊರಟು ವಿಮಾನದಲ್ಲಿ 3,500 ಮೀಟರಿನ ಲೇಹ್‌ಗೆ ಇಳಿದವರು ಮೊದಲ ಎರಡು ದಿನ ವಿಶ್ರಾಂತಿ ಪಡೆಯಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು ಕಂಡರೆ ಇನ್ನೂ ಮೇಲೆ ಹೋಗಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿನಲ್ಲಿ ಗುಲಾಬಿ ನೊರೆ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಡುವುದು, ಮಾತು ತಡವರಿಸುವುದು ಮಿದುಳು ಊದಿಕೊಳ್ಳುತ್ತಿರುವ ಲಕ್ಷಣ. ಈ ಎರಡರಲ್ಲಿ ಯಾವುದೇ ಕಂಡರೂ ಬೆಳಗಾಗಲೆಂದು ಕಾಯದೆ, ಆ ರಾತ್ರಿಯೇ ರೋಗಿಯನ್ನು ಜೊತೆಗೊಬ್ಬರೊಂದಿಗೆ ಕೆಳಗಿಳಿಸಬೇಕು.